ಕೀಹೋಲ್ ಡಿಸ್ಕ್ ಆಪರೇಶನ್: ಎಂಆರ್‌ಐ ಕೈಗೆ ಬಂದ ದಿನದಿಂದ ಮತ್ತೆ ಬಗ್ಗೋ ದಿನದವರೆಗೂ ಏನೇನು ಮಾಡ್ಬೇಕು

ಎಂಆರ್‌ಐ ರಿಪೋರ್ಟ್ ಕೈಗೆ ಬಂತಲ್ವಾ, ಮೊದ್ಲು ಅದನ್ನ ಮಡಚಿ ವಾಪಸ್ ಕವರೊಳಗೆ ಇಡಿ. ತಮಾಷೆ ಅಲ್ಲ. ಬಲ್ಜ್, ಪ್ರೊಟ್ರೂಶನ್, ಎಕ್ಸ್‌ಟ್ರೂಶನ್, ಡೀಜನರೇಶನ್ ಅಂತ ಅದ್ರಲ್ಲಿರೋ ಒಂದೊಂದು ಪದಾನೂ ಮೊಬೈಲಲ್ಲಿ ಹುಡುಕ್ತಾ ಕೂತ್ರೆ ರಾತ್ರಿ ನಿದ್ದೆ ಹೋಗುತ್ತೆ ಅಷ್ಟೆ, ನಂದೂ ಹಾಗೇ ಹೋಗಿತ್ತು. ಸೊಂಟ ನೋವೇ ಇಲ್ಲದ ಆರಾಮಾಗಿರೋ ಜನರ ಸ್ಕ್ಯಾನ್‌ಗಳನ್ನ ಒಟ್ಟು ಮಾಡಿ ನೋಡಿದ ಅಧ್ಯಯನ 2015ರಲ್ಲಿ ಬಂತು, ಅದ್ರಲ್ಲಿ 20 ವರ್ಷದವರಲ್ಲೇ ಶೇಕಡಾ 30 ಜನಕ್ಕೆ ಡಿಸ್ಕ್ ಬಲ್ಜ್ ಇತ್ತು, 80 ವರ್ಷದವರಲ್ಲಿ ಶೇಕಡಾ 84. ಅಂದ್ರೆ ಸ್ಕ್ಯಾನಲ್ಲಿ ಡಿಸ್ಕ್ ಉಬ್ಬಿದೆ ಅಂತ ಕಂಡ್ರೆ ಅಷ್ಟಕ್ಕೇ ಅದು ಕಾಯಿಲೆ ಅಲ್ಲ, ತಲೆಕೂದಲು ಬೆಳ್ಳಗಾದ ಹಾಗೆ ಬರೀ ವಯಸ್ಸಿನ ಗುರುತೂ ಆಗಿರ್ಬಹುದು. ಆಪರೇಶನ್ ಮಾಡೋದು ನಿಮ್ಮ ಕಾಲು ನೋವಿಗೆ, ಫಿಲ್ಮಿಗಲ್ಲ, ಇದನ್ನ ಈಗ್ಲೇ ತಲೇಲಿ ಇಟ್ಕೊಳ್ಳಿ ಯಾಕಂದ್ರೆ ಮುಂದಿನದ್ದೆಲ್ಲ ಇದರ ಮೇಲೇ ನಿಂತಿದೆ.

ಸೊಂಟ ನೋವಿಗಲ್ಲ, ಕಾಲು ನೋವಿಗೆ. ಇದು ಅರ್ಥ ಆಗ್ದೇ ಆಪರೇಶನ್ ಮಾಡಿಸ್ಕೊಂಡು ಆಮೇಲೆ ಬೇಜಾರು ಮಾಡ್ಕೊಳ್ಳೋರೇ ಜಾಸ್ತಿ.

ಡಿಸ್ಕ್ ಅಂದ್ರೆ ಎರಡು ಮೂಳೆ ನಡುವಿನ ದಿಂಬು, ಹೊರಗಡೆ ಪದರ ಪದರವಾಗಿ ಗಟ್ಟಿ ನಾರಿನ ಉಂಗುರ, ಒಳಗೆ ಜೆಲ್ ತರ ಮೆತ್ತಗಿನ ತಿರುಳು. ಉಂಗುರ ಸೀಳಿ ತಿರುಳು ಹೊರಗೆ ಬಂದು ಪಕ್ಕದಲ್ಲಿರೋ ನರದ ಬುಡ ಒತ್ತಿದಾಗ, ಒತ್ತೋದ್ರ ಜೊತೆಗೆ ಅಲ್ಲಿ ಉರಿಯೂತಾನೂ ಆದಾಗ, ನೋವು ಸೊಂಟ ಬಿಟ್ಟು ಕಾಲಿಗೆ ಇಳಿಯುತ್ತೆ, ಅದೇ ಸಯಾಟಿಕಾ. ಡಿಸ್ಕ್ ಜಾರಿದೆ ಅಂತ ಎಲ್ಲರೂ ಅಂತಾರೆ ಆದ್ರೆ ಅದು ಎಲ್ಲಿಗೂ ಜಾರಲ್ಲ, ತೂತಾಗಿ ಸೋರುತ್ತೆ ಅಷ್ಟೆ. ಹೀಗೆ ತಿರುಳು ಹೊರಬರೋದನ್ನೇ ಹರ್ನಿಯೇಶನ್ ಅನ್ನೋದು, ಸೊಂಟದಲ್ಲಿ ಆಗೋ ಹರ್ನಿಯೇಶನ್‌ಗಳಲ್ಲಿ ಬಹುಪಾಲು ಕೊನೇ ಎರಡು ಡಿಸ್ಕಲ್ಲೇ, ಎಲ್4-ಎಲ್5 ಮತ್ತೆ ಎಲ್5-ಎಸ್1 (ಎಲ್ ಅಂದ್ರೆ ಸೊಂಟದ ಮೂಳೆ, ಎಸ್ ಅಂದ್ರೆ ಅದರ ಕೆಳಗಿನದು, ನಂಬರ್ ಮೇಲಿಂದ ಕೆಳಕ್ಕೆ, ನರಗಳಿಗೂ ಇದೇ ಹೆಸರು), ಯಾಕಂದ್ರೆ ಬಗ್ಗೋ ಭಾರ ಎಲ್ಲ ಬೀಳೋದು ಅಲ್ಲೇ.

ಈಗ ಒಂದು ಹಾಳೆ ತಗೊಳ್ಳಿ, ಎರಡು ಕಾಲಿನ ಚಿತ್ರ ಬರೀರಿ, ಹೇಗಿದ್ರೂ ಪರ್ವಾಗಿಲ್ಲ. ನೋವು ಎಲ್ಲಿಂದ ಶುರುವಾಗಿ ಎಲ್ಲಿವರೆಗೆ ಹೋಗುತ್ತೋ ಅಲ್ಲಿ ಗೆರೆ ಎಳೀರಿ, ಜೋಮು ಹಿಡಿಯೋ ಜಾಗಕ್ಕೆ ಚುಕ್ಕಿ ಇಡಿ. ಗೆರೆ ತೊಡೆ ಹೊರಬದಿಯಿಂದ ಮೊಣಕಾಲು ದಾಟಿ ಪಾದದ ಮೇಲ್ಭಾಗ, ಹೆಬ್ಬೆರಳ ಕಡೆ ಹೋದ್ರೆ ಅದು ಸಾಮಾನ್ಯವಾಗಿ ಎಲ್5 ನರ. ತೊಡೆ ಹಿಂಬದಿ, ಮೀನಖಂಡ, ಹಿಮ್ಮಡಿ, ಕಿರುಬೆರಳು ಅಂತ ಹೋದ್ರೆ ಎಸ್1. ಆಮೇಲೆ ಗೋಡೆ ಹಿಡ್ಕೊಂಡು ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ನಡೀರಿ, ಆಗದಿದ್ರೆ ಎಲ್5 ಸುಸ್ತಾಗಿರ್ಬಹುದು, ಒಂದೇ ಕಾಲಲ್ಲಿ ತುದಿಗಾಲ ಮೇಲೆ ಏಳೋಕೆ ಆಗದಿದ್ರೆ ಎಸ್1. ಇನ್ನೊಂದು ವಿಷ್ಯ ತುಂಬಾ ಜನರನ್ನ ಗೊಂದಲ ಮಾಡುತ್ತೆ, ಎಲ್4-ಎಲ್5 ಡಿಸ್ಕ್ ಹೊರಗೆ ಬಂದ್ರೆ ಸಾಮಾನ್ಯವಾಗಿ ಒತ್ತೋದು ಎಲ್5 ನರನ, ಎಲ್4ನ ಅಲ್ಲ, ಅದೇ ತರ ಎಲ್5-ಎಸ್1 ಡಿಸ್ಕ್ ಒತ್ತೋದು ಎಸ್1ನ. ಈಗ ಕವರಿಂದ ರಿಪೋರ್ಟ್ ತೆಗೀರಿ. ಎಡಗಾಲು ನೋವು, ಸ್ಕ್ಯಾನಲ್ಲೂ ಎಡಕ್ಕೆ ತಿರುಳು ಬಂದಿದೆ, ಲೆವೆಲ್ಲೂ, ಅಂದ್ರೆ ಯಾವ ಡಿಸ್ಕ್ ಅನ್ನೋದೂ, ನಿಮ್ಮ ಗೆರೆಗೆ ಹೊಂದುತ್ತೆ ಅಂದ್ರೆ ಆಪರೇಶನ್ ಮಾತಾಡೋಕೆ ಅರ್ಥ ಇದೆ. ಸ್ಕ್ಯಾನ್ ಬಲಕ್ಕೆ ಹೇಳ್ತಿದೆ ನೋವು ಎಡಕ್ಕಿದೆ, ಅಥವಾ ಕಾಲಲ್ಲಿ ಏನೂ ಇಲ್ಲ ಬರೀ ಸೊಂಟ ಹಿಡ್ಕೊಂಡಿದೆ ಅಂದ್ರೆ, ಎಷ್ಟೇ ಸಣ್ಣ ತೂತಲ್ಲಿ ಮಾಡಿದ್ರೂ ಪ್ರಯೋಜನ ಆಗೋದು ಡೌಟು. ಆ ಹಾಳೇನ ಡಾಕ್ಟರ್ ಹತ್ರ ತಗೊಂಡೋಗಿ, ಹತ್ತು ನಿಮಿಷದ ಅಪಾಯಿಂಟ್‌ಮೆಂಟಲ್ಲಿ ನಿಮ್ಮ ಬಾಯಿಗಿಂತ ಅದು ಚೆನ್ನಾಗಿ ಮಾತಾಡುತ್ತೆ.

ಕಾಯ್ಬಾರದ ಕೇಸ್ ಯಾವ್ದು

ಇದನ್ನ ಸ್ಪಷ್ಟವಾಗಿ ಹೇಳ್ಬಿಡ್ತೀನಿ. ಮೂತ್ರ ಕಟ್ಕೊಂಡಿದೆ, ಇಲ್ಲಾ ಗೊತ್ತಾಗದೇ ಹೋಗ್ತಿದೆ, ಮಲದ ಹಿಡಿತ ತಪ್ಪಿದೆ, ತೊಡೆ ಸಂದು ಮತ್ತೆ ಗುದದ ಸುತ್ತ, ಅಂದ್ರೆ ಕೂತಾಗ ಕುರ್ಚಿಗೆ ತಾಗೋ ಜಾಗ ಮರಗಟ್ಟಿದೆ, ಎರಡೂ ಕಾಲಲ್ಲಿ ಶಕ್ತಿ ಹೋಗ್ತಿದೆ, ಇದ್ರಲ್ಲಿ ಒಂದು ಹೊಸದಾಗಿ ಬಂದ್ರೂ ನೇರ ಎಮರ್ಜೆನ್ಸಿಗೆ ಹೋಗಿ, ರಾತ್ರಿ ಎರಡಾದ್ರೂ ಸರಿ, ನಾಳೆ ಬೆಳಿಗ್ಗೆ ಅನ್ಬೇಡಿ. ಇದನ್ನ ಕಾಡಾ ಇಕ್ವೈನಾ ಅಂತಾರೆ, ಅಂದ್ರೆ ಬೆನ್ನಿನ ಕೆಳಗಿರೋ ನರಗಳ ಗೊಂಚಲೇ ಒತ್ತಿಹೋಗೋದು, ಇಲ್ಲಿ ಲೆಕ್ಕ ದಿನಗಳಲ್ಲಲ್ಲ ಗಂಟೆಗಳಲ್ಲಿ, ತಡ ಆದಷ್ಟೂ ಮೂತ್ರದ ಹಿಡಿತ ವಾಪಸ್ ಬರೋ ಚಾನ್ಸ್ ಕಡಿಮೆ. ಪಾದ ಎತ್ತೋಕೇ ಆಗ್ತಿಲ್ಲ, ಚಪ್ಪಲಿ ಕಾಲಿಂದ ಜಾರಿದ್ದೂ ಗೊತ್ತಾಗ್ತಿಲ್ಲ, ದಿನದಿಂದ ದಿನಕ್ಕೆ ಶಕ್ತಿ ಇಳೀತಿದೆ ಅಂದ್ರೂ ವಾರಗಟ್ಟಲೆ ಕಾಯ್ಬೇಡಿ, ತಕ್ಷಣ ತೋರಿಸಿ.

ಉಳಿದವರೆಲ್ಲ ಕಾಯ್ಬಹುದು, ಕಾಯೋದೇ ಒಳ್ಳೇದು

ಹೊರಗೆ ಬಂದ ತಿರುಳನ್ನ ನಮ್ಮ ಮೈಯೇ ಕರಗಿಸುತ್ತೆ ಅಂತ ಕೇಳಿದಾಗ ನಾನು ನಂಬಿರ್ಲಿಲ್ಲ. ವಿಚಿತ್ರ ಅಂದ್ರೆ ಸಣ್ಣ ಉಬ್ಬಿಗಿಂತ ಪೂರ್ತಿ ಕಿತ್ಕೊಂಡು ಹೊರಗೆ ಬಿದ್ದ ದೊಡ್ಡ ತುಂಡೇ ಬೇಗ ಕರಗೋದು, ರಕ್ತದ ಕಣಗಳು ಅದನ್ನ ಹೊರಗಿನ ವಸ್ತು ಅಂತ ತಿಳ್ಕೊಂಡು ತಿಂದು ಹಾಕ್ತಾವೆ. ಹಾಗಾಗಿ ರಿಪೋರ್ಟಲ್ಲಿ ಲಾರ್ಜ್ ಅಂತ ಇದ್ದ ಮಾತ್ರಕ್ಕೆ ಹೆದರಿ ಓಡ್ಬೇಡಿ. ನೆದರ್ಲ್ಯಾಂಡ್ಸಲ್ಲಿ 283 ಸಯಾಟಿಕಾ ರೋಗಿಗಳನ್ನ ಎರಡು ಗುಂಪು ಮಾಡಿ, ಒಂದಕ್ಕೆ ಬೇಗ ಆಪರೇಶನ್, ಇನ್ನೊಂದಕ್ಕೆ ಕಾದು ನೋಡೋದು ಅಂತ ಪ್ರಯೋಗ ಮಾಡಿ 2007ರಲ್ಲಿ ಪ್ರಕಟ ಮಾಡಿದ್ರು. ಬೇಗ ಮಾಡಿಸ್ಕೊಂಡೋರಿಗೆ ಕಾಲು ನೋವು ಬೇಗ ಹೋಯ್ತು, ಅದು ನಿಜ. ಕಾದವರಲ್ಲಿ ಶೇಕಡಾ 39 ಜನ ಕೊನೆಗೆ ಆಪರೇಶನ್‌ಗೇ ಹೋದ್ರು, ಅದೂ ನಿಜ. ಆದ್ರೆ ಒಂದು ವರ್ಷ ಕಳೆದು ನೋಡಿದಾಗ ಎರಡೂ ಗುಂಪಲ್ಲಿ ಶೇಕಡಾ 95ರಷ್ಟು ಜನ ಸುಧಾರಿಸಿದ್ದೀವಿ ಅಂದಿದ್ರು. ಅಂದ್ರೆ ಆಪರೇಶನ್ ಕೊಡೋದು ಮುಖ್ಯವಾಗಿ ಟೈಮು, ಆ ತಿಂಗಳುಗಳ ನರಕ ನಿಮ್ಗೆ ತಡ್ಕೊಳ್ಳೋಕೆ ಆಗುತ್ತಾ ಇಲ್ವಾ ಅನ್ನೋದನ್ನ ನೀವೇ ಹೇಳ್ಬೇಕು, ಪಕ್ಕದ್ಮನೆಯವರಲ್ಲ.

ಸಾಮಾನ್ಯವಾಗಿ ಆರು ವಾರ, ಕೆಲವರು ಹನ್ನೆರಡು ವಾರದವರೆಗೂ ಕಾಯೋಕೆ ಹೇಳ್ತಾರೆ. ಕಾಯೋದು ಅಂದ್ರೆ ಹಾಸಿಗೆ ಹಿಡಿಯೋದಲ್ಲ, ಒಂದೆರಡು ದಿನಕ್ಕಿಂತ ಜಾಸ್ತಿ ಮಲಗಿದ್ರೆ ಇನ್ನೂ ಹಿಡ್ಕೊಳ್ಳುತ್ತೆ. ಸ್ವಲ್ಪ ಸ್ವಲ್ಪ ನಡೆಯೋದು, ಡಾಕ್ಟರ್ ಕೊಟ್ಟ ನೋವಿನ ಮಾತ್ರೆ, ಫಿಸಿಯೋ ಹೇಳಿದ ವ್ಯಾಯಾಮ, ತೀರಾ ತಡೆಯೋಕಾಗದಿದ್ರೆ ನರದ ಹತ್ರ ಸ್ಟೀರಾಯ್ಡ್ ಇಂಜೆಕ್ಷನ್. ಇಂಜೆಕ್ಷನ್ ಡಿಸ್ಕನ್ನ ರಿಪೇರಿ ಮಾಡಲ್ಲ, ಉರಿಯೂತ ಇಳಿಸಿ ಸ್ವಲ್ಪ ದಿನ ಉಸಿರಾಡೋಕೆ ಬಿಡುತ್ತೆ, ಆ ಟೈಮಲ್ಲಿ ಮೈ ತನ್ನ ಕೆಲ್ಸ ಮಾಡ್ಕೊಳ್ಳುತ್ತೆ. ಬೆನ್ನು ತುಳಿಯೋರು, ಮೂಳೆ ಕೂರಿಸ್ತೀನಿ ಅನ್ನೋರ ಹತ್ರ ಮಾತ್ರ ಹೋಗ್ಬೇಡಿ ದಯವಿಟ್ಟು, ಒತ್ತಿರೋ ನರದ ಮೇಲೆ ಇನ್ನೊಬ್ರ ಭಾರ ಬೇಡ.

ಸರಿ, ಕಾದ್ರಿ, ನೋವು ಹೋಗ್ಲಿಲ್ಲ. ಈಗ ಯಾವ ಆಪರೇಶನ್

1934ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತೆ ಬಾರ್ ಅನ್ನೋ ಇಬ್ಬರು ಡಾಕ್ಟರ್‌ಗಳು ಕಾಲಿಗಿಳಿಯೋ ಈ ನೋವಿಗೆ ಒಡೆದ ಡಿಸ್ಕ್ ಕಾರಣ, ಅದನ್ನ ತೆಗೆದ್ರೆ ಹೋಗುತ್ತೆ ಅಂತ ಬರೆದ್ರು. ಆಗೆಲ್ಲ ದೊಡ್ಡದಾಗಿ ಕೊಯ್ದು, ಮೂಳೆಯಿಂದ ಸ್ನಾಯು ಬಿಡಿಸಿ, ಮೂಳೆ ತೆಗೆದು ಮಾಡೋರು. 1977ರಲ್ಲಿ ಯಾಸರ್ಗಿಲ್ ಮತ್ತೆ ಕಾಸ್ಪರ್ ಬೇರೆ ಬೇರೆಯಾಗಿ ಮೈಕ್ರೋಸ್ಕೋಪ್ ಇಟ್ಕೊಂಡು ಮಾಡಿದ್ದನ್ನ ಪ್ರಕಟಿಸಿದ್ರು, ಅಲ್ಲಿಂದ ಗಾಯ ಸಣ್ಣದಾಯ್ತು. 1997ರಲ್ಲಿ ಫೋಲಿ ಮತ್ತೆ ಸ್ಮಿತ್ ಒಂದು ಕೊಳವೆ ತೂರಿಸಿ ಅದರೊಳಗಿಂದಲೇ ಕೆಲ್ಸ ಮುಗಿಸೋ ದಾರಿ ತೋರಿಸಿದ್ರು. ಹಾಗಾಗಿ ಇವತ್ತು ನಿಮ್ಮ ಮುಂದೆ ಇರೋದು ಮೂರು. ಮೈಕ್ರೋಡಿಸೆಕ್ಟಮಿ, ಮೂರು ಸೆಂಟಿಮೀಟರ್ ಆಸುಪಾಸಿನ ಗಾಯ, ಸ್ನಾಯು ಸ್ವಲ್ಪ ಸರಿಸಿ ಮೈಕ್ರೋಸ್ಕೋಪಲ್ಲಿ ನೋಡ್ಕೊಂಡು ಮಾಡೋದು. ಟ್ಯೂಬ್ಯುಲರ್, ಎರಡು ಸೆಂಟಿಮೀಟರ್ ಸುಮಾರು, ಸ್ನಾಯುವನ್ನ ಕತ್ತರಿಸದೆ ಎಳೆ ಬಿಡಿಸಿದ ಹಾಗೆ ಅಗಲ ಮಾಡಿ ಕೊಳವೆ ಇಡೋದು. ಎಂಡೋಸ್ಕೋಪಿ, ಒಂದು ಸೆಂಟಿಮೀಟರಿಗೂ ಕಡಿಮೆ ಗಾಯ, ಪೆನ್ನಿನಷ್ಟು ದಪ್ಪದ ಕ್ಯಾಮೆರಾ, ನೀರು ಹರೀತಾ ಇರುತ್ತೆ, ಬೆನ್ನ ಹಿಂದಿಂದಾನೂ ಹೋಗ್ಬಹುದು ಪಕ್ಕದಿಂದ ನರ ಹೊರಬರೋ ಕಿಂಡಿಯಿಂದಾನೂ ಹೋಗ್ಬಹುದು, ಎಷ್ಟೋ ಸಲ ಜಾಗ ಮಾತ್ರ ಮರಗಟ್ಟಿಸಿ ಎಚ್ಚರವಾಗಿದ್ದಾಗ್ಲೇ ಮಾಡ್ತಾರೆ.

ಸಣ್ಣ ತೂತು ಅಂದ್ರೆ ಒಳ್ಳೇದು ಅಂತ ನಮ್ಗೆಲ್ಲ ಅನ್ಸುತ್ತೆ. ಆದ್ರೆ 2009ರಲ್ಲಿ 328 ಜನರ ಮೇಲೆ ಟ್ಯೂಬ್ ಮತ್ತೆ ಮಾಮೂಲಿ ಮೈಕ್ರೋಡಿಸೆಕ್ಟಮಿ ಹೋಲಿಸಿದಾಗ ಟ್ಯೂಬ್ ಏನೂ ಮೇಲಾಗಿರ್ಲಿಲ್ಲ, ನೋವಿನ ಲೆಕ್ಕದಲ್ಲಿ ಒಂಚೂರು ಹಿಂದೇನೇ ಇತ್ತು. 2022ರಲ್ಲಿ 613 ಜನರ ಇನ್ನೊಂದು ಪ್ರಯೋಗ, ಎಂಡೋಸ್ಕೋಪಿ ಮೈಕ್ರೋಡಿಸೆಕ್ಟಮಿಗಿಂತ ಕಮ್ಮಿ ಇಲ್ಲ ಅಂತ ತೋರಿಸ್ತು. ನನ್ನ ಅಭಿಪ್ರಾಯ ಕೇಳಿದ್ರೆ, ಮೊದಲ ಕೆಲವು ದಿನದ ಗಾಯದ ನೋವು, ಆಸ್ಪತ್ರೆಯಲ್ಲಿ ಇರೋ ಗಂಟೆಗಳು, ಇದ್ರಲ್ಲಿ ಸಣ್ಣ ತೂತಿಗೆ ಲಾಭ ಇದೆ, ಆರು ತಿಂಗಳಾದ ಮೇಲೆ ಕಾಲು ಹೇಗಿದೆ ಅನ್ನೋದನ್ನ ನಿರ್ಧರಿಸೋದು ತೂತಲ್ಲ, ಸರಿಯಾದ ರೋಗಿ ಮತ್ತೆ ಪಳಗಿದ ಕೈ. ಎಂಡೋಸ್ಕೋಪಿ ಕಲಿಯೋಕೆ ಟೈಮ್ ಹಿಡಿಯುತ್ತೆ, ಹೊಸಬರ ಕೈಲಿ ತುಂಡು ಒಳಗೇ ಉಳಿಯೋ ಸಾಧ್ಯತೆ ಜಾಸ್ತಿ. ಹಾಗಾಗಿ ಯಾವ ಮೆಷಿನ್ ಇದೆ ಅಂತ ಕೇಳೋ ಬದ್ಲು ಹೀಗೆ ಕೇಳಿ: ಈ ಟೈಪ್ ನೀವು ವಾರಕ್ಕೆ ಎಷ್ಟು ಮಾಡ್ತೀರಿ, ನನ್ನ ಡಿಸ್ಕಿಗೆ ಇದೇ ಯಾಕೆ, ಮಧ್ಯದಲ್ಲಿ ತೊಂದ್ರೆ ಆದ್ರೆ ಓಪನ್‌ಗೆ, ಅಂದ್ರೆ ದೊಡ್ಡದಾಗಿ ಕೊಯ್ದು ಮಾಡೋದಕ್ಕೆ, ಹೋಗ್ತೀರಾ, ಸೊಂಟ ನೋವು ಎಷ್ಟು ಹೋಗುತ್ತೆ ಕಾಲು ನೋವು ಎಷ್ಟು ಹೋಗುತ್ತೆ ಬೇರೆ ಬೇರೆ ಹೇಳಿ. ಕೊನೇ ಪ್ರಶ್ನೆಗೆ ಎರಡೂ ನೂರಕ್ಕೆ ನೂರು ಹೋಗುತ್ತೆ ಅಂದ್ರೆ ಎದ್ದು ಬನ್ನಿ. ನಂಗೆ ಹಾಗಂದವರು ಒಬ್ರಿದ್ರು, ಎದ್ದು ಬಂದಿದ್ದೇ ಒಳ್ಳೇದಾಯ್ತು. ಮೊದಲ ಸಲದ ಸಾದಾ ಹರ್ನಿಯೇಶನ್‌ಗೆ ಸ್ಕ್ರೂ ರಾಡ್ ಹಾಕ್ತೀವಿ ಅಂದ್ರೂ ಅಷ್ಟೆ, ಮೂಳೆ ಸರಿದಾಡ್ತಿರೋದು ಎಕ್ಸ್‌ರೇಲಿ ಕಾಣ್ತಿದೆಯಾ ಅಂತ ಕೇಳಿ, ಇಲ್ಲ ಅಂದ್ರೆ ಇನ್ನೊಬ್ಬ ಡಾಕ್ಟರಿಗೆ ತೋರಿಸದೆ ಸಹಿ ಹಾಕ್ಬೇಡಿ.

ಬೆನ್ನು ಮುಟ್ಟಿದ್ರೆ ಕಾಲು ಬಿದ್ದೋಗುತ್ತೆ ಅನ್ನೋ ಭಯ ಎಲ್ರಿಗೂ ಇರುತ್ತೆ. ದೊಡ್ಡವರಲ್ಲಿ ಮಿದುಳುಬಳ್ಳಿ ಸಾಮಾನ್ಯವಾಗಿ ಎಲ್1-ಎಲ್2 ಹತ್ರಾನೇ ಮುಗಿದೋಗುತ್ತೆ, ಎಲ್4, ಎಲ್5 ಹತ್ರ ಇರೋದು ಕುದುರೆ ಬಾಲದ ಹಾಗೆ ಬಿಡಿ ಬಿಡಿ ನರಗಳು. ನರಕ್ಕೆ ಪೆಟ್ಟಾಗೋದೇ ಇಲ್ಲ ಅಂತಲ್ಲ, ಅಪರೂಪ. ಅದಕ್ಕಿಂತ ಜಾಸ್ತಿ ಕಾಣೋದು ನರದ ಸುತ್ತ ಇರೋ ಪೊರೆ ಹರಿದು ನೀರು ಸೋರೋದು, ಗಾಯಕ್ಕೆ ಸೋಂಕು, ರಕ್ತ ಕಟ್ಟೋದು, ಮತ್ತೆ ಅದೇ ಜಾಗದಲ್ಲಿ ಪುನಃ ತಿರುಳು ಹೊರಬರೋದು.

ದಿನ ಫಿಕ್ಸ್ ಆದ್ಮೇಲೆ

ನೀವು ತಗೊಳ್ಳೋ ಎಲ್ಲ ಮಾತ್ರೆ ಒಂದು ಚೀಟೀಲಿ ಬರ್ಕೊಂಡೋಗಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ತರ ರಕ್ತ ತೆಳು ಮಾಡೋ ಮಾತ್ರೆ ಇದ್ರೆ ಖಂಡಿತ ಹೇಳ್ಬೇಕು, ಆದ್ರೆ ನೀವಾಗೇ ನಿಲ್ಲಿಸ್ಬೇಡಿ, ಹೃದಯಕ್ಕೆ ಸ್ಟೆಂಟ್ ಹಾಕಿದ್ರೆ ಆ ಡಾಕ್ಟರನ್ನೂ ಕೇಳಿ ನಿಲ್ಲಿಸೋದು. ನಾಟಿ ಔಷಧಿ, ಮೀನೆಣ್ಣೆ ಕ್ಯಾಪ್ಸೂಲ್ ಇದನ್ನೂ ಮುಚ್ಚಿಡ್ಬೇಡಿ. ಶುಗರ್ ಇದ್ರೆ ಹಿಡಿತಕ್ಕೆ ತನ್ನಿ, ಇಲ್ಲಾಂದ್ರೆ ಗಾಯ ಮಾಯೋದು ಕಷ್ಟ. ಸಿಗರೇಟ್ ಬಿಡಿ, ಡಿಸ್ಕಿಗೆ ನೇರ ರಕ್ತನಾಳ ಇಲ್ಲ, ಸುತ್ತಲಿಂದ ಜಿನುಗೋ ಆಹಾರಾನೇ ಅದಕ್ಕೆ ಗತಿ, ಅದನ್ನೂ ಹೊಗೆ ಕೆಡಿಸುತ್ತೆ. ಮನೇಲಿ ದಿನಾ ಬೇಕಾಗೋ ಸಾಮಾನನ್ನ ಸೊಂಟದ ಎತ್ತರಕ್ಕೆ ತಂದಿಡಿ, ಇದು ನಂಗೆ ಯಾರೂ ಹೇಳ್ಲಿಲ್ಲ, ಆಪರೇಶನ್ ಆಗಿ ಬಂದ ಮೂರನೇ ದಿನ ಕೆಳಗೆ ಬಿದ್ದ ಚಾರ್ಜರ್ ನೋಡ್ತಾ ಹತ್ತು ನಿಮಿಷ ನಿಂತಿದ್ದೆ. ಸಾಧ್ಯ ಆದ್ರೆ ಎತ್ತರದ ಟಾಯ್ಲೆಟ್ ಸೀಟ್, ಕೈ ಇರೋ ಗಟ್ಟಿ ಕುರ್ಚಿ, ಬಗ್ಗದೇ ಹಾಕ್ಕೊಳ್ಳೋ ಚಪ್ಪಲಿ.

ಆ ದಿನ ಹೊಟ್ಟೆ ಖಾಲಿ ಇರ್ಬೇಕು, ಎಷ್ಟು ಗಂಟೆಯಿಂದ ಅಂತ ಅವರೇ ಹೇಳ್ತಾರೆ. ಯಾವ ಕಡೆ ಯಾವ ಲೆವೆಲ್ ಅಂತ ಡಾಕ್ಟರ್ ಬಂದು ನಿಮ್ಮ ಬೆನ್ನ ಮೇಲೆ ಪೆನ್ನಲ್ಲಿ ಗುರುತು ಮಾಡ್ಬೇಕು, ಮಾಡದಿದ್ರೆ ನೀವೇ ನೆನಪಿಸಿ, ನಾಚ್ಕೋಬೇಡಿ. ಬೋರಲು ಮಲಗಿಸ್ತಾರೆ, ಸಿ-ಆರ್ಮ್ ಅನ್ನೋ ಎಕ್ಸ್‌ರೇ ಮೆಷಿನಲ್ಲಿ ಲೆವೆಲ್ ಖಚಿತ ಮಾಡ್ಕೊಳ್ತಾರೆ, ಟ್ಯೂಬ್ ವಿಧಾನ ಆದ್ರೆ ಸಣ್ಣ ಕೊಳವೆ ಮೇಲೆ ಅದಕ್ಕಿಂತ ದಪ್ಪದ್ದು ಹೀಗೆ ಒಂದರ ಮೇಲೊಂದು ಹಾಕಿ ದಾರಿ ಅಗಲ ಮಾಡ್ತಾರೆ, ಮೂಳೆ ಅಂಚು ಒಂಚೂರು ಕೆತ್ತಿ ಕೆಳಗಿರೋ ಹಳದಿ ಪಟ್ಟಿ ಬಿಡಿಸಿ ನರವನ್ನ ಮೆಲ್ಲಗೆ ಪಕ್ಕಕ್ಕೆ ಸರಿಸಿ ಕೆಳಗಿರೋ ತುಂಡನ್ನ ಇಕ್ಕಳದಲ್ಲಿ ಎಳೀತಾರೆ. ಪೂರ್ತಿ ಡಿಸ್ಕ್ ತೆಗೆಯಲ್ಲ, ಹೊರಬಂದಿದ್ದು ಮತ್ತೆ ಸಡಿಲ ಇರೋದು ಮಾತ್ರ. ಒಂದು ಗಂಟೆ ಆಸುಪಾಸು. ಎಚ್ಚರವಾದಾಗ ಕಾಲಿನ ಆ ಕರೆಂಟ್ ಹೊಡೆದ ಹಾಗಿನ ನೋವು ಹೋಗಿರುತ್ತೆ ಎಷ್ಟೋ ಜನಕ್ಕೆ, ಅದನ್ನ ನಂಬೋಕೇ ಸ್ವಲ್ಪ ಹೊತ್ತು ಬೇಕು. ಅದೇ ದಿನ ಇಲ್ಲಾ ಮಾರನೇ ದಿನ ಎಬ್ಬಿಸಿ ನಡೆಸ್ತಾರೆ, ಮೂತ್ರ ಸರಿಯಾಗಿ ಹೋಗ್ತಿದೆಯಾ ನೋಡ್ಕೊಂಡು ಮನೆಗೆ ಕಳಿಸ್ತಾರೆ.

ಮನೆಗೆ ಬಂದ್ಮೇಲೆ, ಇಲ್ಲೇ ಎಲ್ರೂ ಎಡವೋದು

ನೋವಿಲ್ಲ ಅಂತ ಮೈ ಮರೀತೀವಿ. ಉಂಗುರದಲ್ಲಿರೋ ತೂತಿಗೆ ಯಾರೂ ಹೊಲಿಗೆ ಹಾಕಿಲ್ಲ, ಅದು ತಾನಾಗೇ ಗಟ್ಟಿ ಆಗ್ಬೇಕು, ಒಳಗೆ ಇನ್ನೂ ತಿರುಳು ಇದೆ. ಸಾಮಾನ್ಯವಾಗಿ ಮೊದಲ ನಾಲ್ಕರಿಂದ ಆರು ವಾರ ಬಗ್ಗೋದು, ತಿರುಚೋದು, ಭಾರ ಎತ್ತೋದು ಮೂರೂ ಬೇಡ ಅಂತಾರೆ, ಮೂರೂ ಒಟ್ಟಿಗೆ ಅಂತೂ ಬೇಡ್ವೇ ಬೇಡ. ಮಗು ಓಡಿ ಬಂದ್ರೆ ನೀವು ಕೂತ್ಕೊಳ್ಳಿ, ಮಗು ತಾನಾಗೇ ಹತ್ತಲಿ, ಎತ್ಕೋಬೇಡಿ. ಹಾಸಿಗೆಯಿಂದ ಏಳೋವಾಗ ಮೈನ ಮರದ ದಿಮ್ಮಿ ತರ ಒಟ್ಟಿಗೆ ಮಗ್ಗುಲಾಗಿ ಹೊರಳಿಸಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಿ, ಮಲಗೋವಾಗ ಇದನ್ನೇ ಉಲ್ಟಾ ಮಾಡಿ. ಮೊದಲ ವಾರ ಇಪ್ಪತ್ತು ಮೂವತ್ತು ನಿಮಿಷಕ್ಕಿಂತ ಜಾಸ್ತಿ ಒಂದೇ ಸಮ ಕೂರ್ಬೇಡಿ. ನಡೆಯೋದೇ ಔಷಧಿ, ಐದು ನಿಮಿಷದಿಂದ ಶುರು ಮಾಡಿ ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ.

ಮಲಬದ್ಧತೆ ಬಗ್ಗೆ ಯಾರೂ ಬಾಯಿ ಬಿಡಲ್ಲ. ನೋವಿನ ಸ್ಟ್ರಾಂಗ್ ಮಾತ್ರೆಗಳು ಹೊಟ್ಟೆ ಕಟ್ಟುತ್ವೆ, ಮುಕ್ಕಿದ್ರೆ ಡಿಸ್ಕ್ ಮೇಲೆ ಒತ್ತಡ, ಆದ್ರಿಂದ ಡಿಸ್ಚಾರ್ಜ್ ಆಗೋವಾಗ್ಲೇ ಮಲ ಸಡಿಲ ಮಾಡೋ ಔಷಧಿ ಕೇಳಿ ತಗೊಳ್ಳಿ, ನೀರು ಚೆನ್ನಾಗಿ ಕುಡೀರಿ. ಕೆಮ್ಮು ಸೀನು ಬಂದಾಗ ಹೊಟ್ಟೆಗೆ ದಿಂಬು ಅದುಮಿ ಹಿಡ್ಕೊಳ್ಳಿ. ಗಂಡ ಹೆಂಡತಿ ಸೇರೋದು ಯಾವಾಗ ಅಂತ ಕೇಳೋಕೆ ನಾಚಿಕೆ ಇದ್ರೂ ಕೇಳಿ, ಗಾಯ ಮಾಗಿ ನೋವಿಲ್ಲದ ಭಂಗಿ ಸಿಕ್ಕಿದ್ರೆ ಕೆಲವು ವಾರದಲ್ಲಿ ಓಕೆ ಅಂತಾರೆ ಸಾಮಾನ್ಯವಾಗಿ. ಗಾಡಿ ಓಡ್ಸೋದು, ಮಂಪರು ಬರೋ ಮಾತ್ರೆ ನಿಂತು, ಜೋರಾಗಿ ಬ್ರೇಕ್ ಒತ್ತೋಕೆ ಕಾಲಲ್ಲಿ ಶಕ್ತಿ ಇದ್ರೆ ಮಾತ್ರ. ಕೂತು ಮಾಡೋ ಕೆಲ್ಸಕ್ಕೆ ಎರಡರಿಂದ ನಾಲ್ಕು ವಾರ, ಭಾರ ಹೊರೋ ಕೆಲ್ಸಕ್ಕೆ ಎರಡು ಮೂರು ತಿಂಗಳು ಇಟ್ಕೊಳ್ಳಿ.

ಎರಡನೇ ವಾರದ ಹೊತ್ತಿಗೆ ಕಾಲಲ್ಲಿ ಹಳೇ ನೋವಿನ ನೆರಳು ಬರ್ಬಹುದು, ಎದೆ ಧಸಕ್ ಅನ್ನುತ್ತೆ, ಎಷ್ಟೋ ಸಲ ಅದು ನರದ ಸುತ್ತ ಊತ, ನಡೆಯೋದು ಸ್ವಲ್ಪ ಕಮ್ಮಿ ಮಾಡಿದ್ರೆ ಕೆಲವೇ ದಿನದಲ್ಲಿ ಇಳಿಯುತ್ತೆ. ಇಳಿಯದೇ ಮೊದಲಿನಷ್ಟೇ ಜೋರಾದ್ರೆ ಫೋನ್ ಮಾಡಿ. ಜ್ವರ, ಗಾಯದಿಂದ ಕೀವು ಇಲ್ಲಾ ನೀರು, ಎದ್ದು ನಿಂತ್ರೆ ಸಿಡಿಯೋ ತಲೆನೋವು ಮಲಗಿದ್ರೆ ಕಮ್ಮಿ ಆಗೋದು, ಒಂದೇ ಮೀನಖಂಡ ಊದಿ ನೋಯೋದು, ಇವುಗಳಿಗೆ ಅವತ್ತೇ ಹೋಗಿ. ಉಸಿರು ಕಟ್ಟಿದ್ರೆ, ಹೊಸದಾಗಿ ಕಾಲು ಸೋತ್ರೆ, ಮೂತ್ರ ಕಟ್ಟಿದ್ರೆ ಮೊದ್ಲೇ ಹೇಳಿದ ಹಾಗೆ ನೇರ ಎಮರ್ಜೆನ್ಸಿ.

ವಾಪಸ್ ಬರೋದಕ್ಕೂ ಒಂದು ಕ್ರಮ ಇದೆ, ಮೊದ್ಲು ನೋವು ಹೋಗುತ್ತೆ, ಆಮೇಲೆ ಶಕ್ತಿ ಬರುತ್ತೆ, ಕೊನೇದಾಗಿ ಜೋಮು. ನರ ಬೆಳೆಯೋದು ದಿನಕ್ಕೆ ಒಂದು ಮಿಲಿಮೀಟರ್ ಲೆಕ್ಕದಲ್ಲಿ, ಸೊಂಟದಿಂದ ಕಿರುಬೆರಳಿಗೆ ಎಷ್ಟು ದೂರ ಇದೆ ನೀವೇ ಟೇಪ್ ಹಿಡಿದು ನೋಡಿ, ಯಾಕೆ ತಿಂಗಳುಗಟ್ಟಲೆ ಅಂತ ಗೊತ್ತಾಗುತ್ತೆ. ಕೆಲವರಿಗೆ ಪೂರ್ತಿ ಬರೋದೂ ಇಲ್ಲ, ನನ್ನ ಕಿರುಬೆರಳು ಇವತ್ತಿಗೂ ಅರ್ಧ ನಿದ್ದೇಲೇ ಇದೆ, ಅಭ್ಯಾಸ ಆಗಿದೆ.

ಇನ್ನೊಂದು, ಆಪರೇಶನ್ ಮಾಡಿಸ್ಕೊಂಡವರಲ್ಲಿ ನೂರಕ್ಕೆ ಐದರಿಂದ ಹದಿನೈದು ಜನಕ್ಕೆ ಅದೇ ಡಿಸ್ಕಲ್ಲಿ ಪುನಃ ತಿರುಳು ಬರುತ್ತೆ, ಅದಕ್ಕೋಸ್ಕರ ಹಳೇ ಎಂಆರ್‌ಐ ಫಿಲ್ಮು, ಸಿಡಿ, ಆಪರೇಶನ್ ನೋಟ್ಸ್ ಎಲ್ಲ ಒಂದು ಫೈಲಲ್ಲಿ ಇಡಿ. ಡಿಸ್ಚಾರ್ಜ್ ಪೇಪರಲ್ಲಿ ಯಾವ ಲೆವೆಲ್, ಯಾವ ಕಡೆ ಅಂತ ಬರೆದಿದೆಯಾ ಮನೆಗೆ ಹೊರಡೋ ಮುಂಚೆನೇ ನೋಡ್ಕೊಳ್ಳಿ. ಮುಂದೆ ಯಾವಾಗಾದ್ರೂ ಕಾಲು ನೋವು ವಾಪಸ್ ಬಂದು ಸ್ಕ್ಯಾನ್ ಮಾಡಿಸ್ಬೇಕಾದ್ರೆ, ಇಂಥ ಜಾಗದಲ್ಲಿ ಆಪರೇಶನ್ ಆಗಿದೆ ಅಂತ ಮೊದ್ಲೇ ಹೇಳಿ, ಆಗ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಕಾ ಅಂತ ಅವರು ನೋಡ್ತಾರೆ, ಅದನ್ನ ಕೊಟ್ರೆ ಸ್ಕ್ಯಾನಲ್ಲಿ ಹಳೇ ಗಾಯದ ಕಲೆ ಬಣ್ಣ ಹಿಡಿಯುತ್ತೆ, ಹೊಸ ಡಿಸ್ಕ್ ತುಂಡು ಹಿಡಿಯಲ್ಲ.